ಪ್ರತಿ ಬಜೆಟ್‌ನಲ್ಲೂ ಹುಟ್ಟುವ ಆಸ್ಪತ್ರೆ

ವಿಶ್ವವಿದ್ಯಾಲಯದ ಲಿಫ್ಟಿಗಾಗಿ ಕಾಯುತ್ತಿದ್ದ ಗ್ರಂಥಪಾಲಕಿಯ ಮುಂದೆಯೇ ಪ್ರೊಫೆಸರರು ತಮ್ಮ ಸಂಶೋಧನಾ ವಿದ್ಯಾರ್ಥಿನಿಗೆ ಬುದ್ಧಿ ಹೇಳುತ್ತಿದ್ದರು. ಕಿವಿ ಮುಚ್ಚಿಕೊಳ್ಳೋಣವೆಂದರೆ ಗ್ರಂಥಪಾಲಕಿಯ ಎರಡು ಕೈಯಲ್ಲೂ ಪುಸ್ತಕಗಳು.

“ಆಸ್ಪತ್ರೆಯ ಅಧ್ಯಾಯ ತೆಗೆದುಬಿಡಮ್ಮ. ನಮಗೆ ಅನುದಾನ ಕೊಡೋದೂ ಅದೇ ಸರ್ಕಾರ.”

“ತೆಗೆಯಲ್ಲ ಸರ್. ಪ್ರತಿ ಬಜೆಟ್‌ನಲ್ಲೂ ಅದನ್ನೇ ಹೊಸ ಆಸ್ಪತ್ರೆ ಅಂತ ಓದ್ತಾರೆ.”

“ಕಟ್ಟಿರಬಹುದಲ್ಲ? ಬರೀ ಕಾಗದ ನೋಡಿ ಬರೆದ್ರೆ ಹೇಗೆ?”

“ಹೋಗಿ ನೋಡ್ಕೊಂಡೇ ಬಂದೆ. ಉರುಳಿಬಿದ್ದ ಅಡಿಗಲ್ಲೊಂದಿದೆ. ಪಕ್ಕದ ಮನೆ ಅಜ್ಜಿ ಅದರ ಮೇಲೆ ಬಟ್ಟೆ ಒಗೀತಾರೆ.”

“ಹಟಮಾರಿ! ಪಿಎಚ್.ಡಿ. ತಡವಾದೀತು, ನೋಡು.”

“ಆ ಆಸ್ಪತ್ರೆಯಷ್ಟು ತಡ ಆಗಲ್ಲ ಬಿಡಿ, ಸರ್.”

ಲಿಫ್ಟ್ ಬಂತು. ಪ್ರೊಫೆಸರರು ಒಳಗೆ ಹೋಗಿ, ಮುಚ್ಚಿಕೊಳ್ಳುತ್ತಿದ್ದ ಬಾಗಿಲಿಗೆ ಕೈ ಅಡ್ಡ ಹಿಡಿದರು.

“ಬಾ, ಹತ್ತು. ಆ ಕಲ್ಲಿನ ಫೋಟೋ ಅಧ್ಯಾಯದಲ್ಲಿ ಹಾಕಿದ್ದೀಯ ತಾನೆ?”