ಗವೀನುವಿನ ತಟ್ಟೆ

ದೀಪ ಸ್ವಲ್ಪ ಸಣ್ಣದು ಮಾಡಿ. ಪೂರ್ತಿ ಆರಿಸಬೇಡಿ... ಅಷ್ಟು ಧೈರ್ಯ ನನಗೂ ಇಲ್ಲ. ಇದು ಅವರಿವರು ಹೇಳಿದ ಕತೆಯಲ್ಲ. ನನ್ನ ಚಿಕ್ಕಮ್ಮನ ಮಗಳು ಗಿಂತಾರೆಗೆ ಆದದ್ದು. ಇದೇ ಕೌನಸ್ ಊರಿನಲ್ಲಿ, ಸೇತುವೆ ದಾಟಿದರೆ ಅವಳ ಮನೆ. ನಂಬದವರು ನಾಳೆ ಬೆಳಿಗ್ಗೆ ಹೋಗಿ ಕೇಳಬಹುದು.

ಆ ವರ್ಷ ಅವಳು ಒಂದು ಅವಧಿ ಓದಲೆಂದು ಸಾರ್ಡೀನಿಯ ದ್ವೀಪದ ಸಾಸ್ಸರಿ ಪಟ್ಟಣಕ್ಕೆ ಹೋಗಿದ್ದಳು. ಓದಲೆಂದು ಅಂತ ಮನೆಯಲ್ಲಿ ಹೇಳಿದ್ದು. ಕಾಲಿಗೆ ಚಕ್ರ ಕಟ್ಟಿಕೊಂಡ ಹುಡುಗಿ ಅದು. ಶುಕ್ರವಾರ ಬಂತೆಂದರೆ ಬೆನ್ನಿಗೆ ಚೀಲ, ಅಗ್ಗದ ವಿಮಾನ, ಯಾವುದೋ ಒಂದು ದೇಶ. ಜೊತೆಗೆ ಅವಳ ಹಾಗೆಯೇ ಹೊರಗಿನಿಂದ ಓದಲು ಬಂದಿದ್ದ ವಾಸ್ಕೊ, ಪೋರ್ಚುಗಲ್ಲಿನವನು, ಸದಾ ಹಸಿದಿರುವ ಹುಡುಗ. ಬಾಡಿಗೆ ಮನೆಯಲ್ಲಿ ಗಿಂತಾರೆಯ ಜೊತೆಗಿದ್ದವಳು ಬೋನಾರಿಯಾ. ಅವಳು ಅದೇ ದ್ವೀಪದ ಗುಡ್ಡದ ಹಳ್ಳಿಯವಳು.

ನವೆಂಬರಿನ ಸತ್ತವರ ಹಬ್ಬಕ್ಕೆ ಬೋನಾರಿಯಾ ಇವಳನ್ನು ಹಳ್ಳಿಗೆ ಕರೆದಳು. ತಾನು ಬೆಳಿಗ್ಗೆಯೇ ಹೋದಳು. ಗಿಂತಾರೆ ಯಾವುದೋ ಊರು ತಿರುಗಿ, ವಿಮಾನ ಇಳಿದು, ಕೊನೆಯ ಬಸ್ಸು ಹಿಡಿದಳು. ದಾರಿಯಲ್ಲಿ ಬೋನಾರಿಯಾಳ ಸಂದೇಶ ಬಂತು. "ನಾವು ಮಲಗಿರ್ತೀವಿ. ಬಾಗಿಲು ತೆಗೆದೇ ಇರುತ್ತೆ. ಸದ್ದು ಮಾಡದೆ ಬಾ, ಯಾಯಾ ಏಳ್ತಾರೆ." ಯಾಯಾ ಅಂದರೆ ಅಲ್ಲಿ ಅಜ್ಜಿ.

ಬಸ್ಸು ಕೆಳಗಿನ ರಸ್ತೆಯಲ್ಲೇ ಇಳಿಸಿ ಹೋಯಿತು. ಹಳ್ಳಿ ಮೇಲೆ. ಏರುದಾರಿ. ಅರ್ಧ ದಾರಿಯಲ್ಲಿ ಒಂದು ಕಲ್ಲುಬಾವಿ, ಅದರ ಮೇಲೆ ಬಗ್ಗಿದ ಅಂಜೂರದ ಮರ. ಆ ರಾತ್ರಿ ಅಲ್ಲಿ ಬೆಳಗಿನವರೆಗೂ ಚರ್ಚಿನ ಗಂಟೆ ಹೊಡೆಯುತ್ತಾರೆ. ಢಣ್... ತುಂಬ ಹೊತ್ತು ಏನೂ ಇಲ್ಲ... ಮತ್ತೆ ಢಣ್...

ಆ ನಡುವೆ ಇನ್ನೊಂದು ಸದ್ದು.

ಟಕ್... ಸರ್‍ರ್... ಟಕ್... ಸರ್‍ರ್...

ಮೊಳೆ ಬಡಿದ ಬೂಟು. ಒಂದು ಕಾಲು ಊರುತ್ತದೆ, ಇನ್ನೊಂದು ಎಳೆಯುತ್ತದೆ. ಗಿಂತಾರೆ ನಿಂತಳು. ಅದೂ ನಿಂತಿತು. ಬಾವಿಯ ಆಚೆ ಯಾರೋ ಕೆಮ್ಮಿದರು. ಒಣ ಕೆಮ್ಮು, ಎದೆಯಲ್ಲಿ ಮರಳು ತುಂಬಿದವರ ಕೆಮ್ಮು.

ಯಾರೋ ಕಾಲುನೋವಿನ ಮುದುಕ ಅಂದುಕೊಂಡಳು. "ನೀವು ಮುಂದೆ ಹೋಗಿ ಸ್ವಾಮಿ" ಅಂದಳು, ಮೆಲ್ಲಗೆ.

ಯಾರೂ ಮುಂದೆ ಬರಲಿಲ್ಲ.

ಇವಳಿಗೋ ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಬಿರಬಿರನೆ ನಡೆದು, ತೆರೆದ ಬಾಗಿಲಿನ ಮನೆ ಹೊಕ್ಕಳು. ಒಲೆಯಲ್ಲಿ ಕೆಂಡ. ಮೇಜಿನ ಮೇಲೆ ಒಂದು ಮೋಂಬತ್ತಿ, ಒಂದು ತಟ್ಟೆ. ತಟ್ಟೆಯ ತುಂಬ ಮಕರೋನಿ, ಮೇಲೆ ಕುರಿಮಾಂಸದ ಸಾರು, ತುರಿದ ಚೀಸು. ಪಕ್ಕದಲ್ಲಿ ಒಂದು ತುಂಡು ರೊಟ್ಟಿ, ಒಂದು ಲೋಟ ಕೆಂಪು ವೈನು. ಚಾಕು ಇಲ್ಲ, ಫೋರ್ಕ್ ಇಲ್ಲ, ಮರದ ಚಮಚ ಒಂದೇ. ಎಷ್ಟು ಒಳ್ಳೆಯ ಜನ, ನನಗೆ ಅಂತ ಎತ್ತಿಟ್ಟಿದ್ದಾರೆ ಅಂದುಕೊಂಡಳು.

ಈಗ ನಾನು ಇವಳನ್ನು ಬೈಯಬೇಕು. ನಮ್ಮಲ್ಲೂ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಊಟದ ಮೇಜು ತೆಗೆಯುವುದಿಲ್ಲ, ಹಿರಿಯರು ಬಂದು ಹೋಗಲಿ ಅಂತ ಹಾಗೇ ಬಿಡುತ್ತೇವೆ. ಹೋದವರ ಪಾಲು ಮುಟ್ಟಬಾರದು ಅಂತ ನಮ್ಮ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಆದರೆ ನಮಗೆ ಅದು ಡಿಸೆಂಬರಿನಲ್ಲಿ. ನವೆಂಬರಿನಲ್ಲಿ ಇವಳಿಗೆ ಹೊಳೆಯಲೇ ಇಲ್ಲ. ಕೂತಳು, ತಿಂದಳು. ತಟ್ಟೆಯನ್ನು ರೊಟ್ಟಿಯಿಂದ ಒರೆಸಿ ತಿಂದಳು. ಅಷ್ಟು ರುಚಿಯ ಊಟ ಜನ್ಮದಲ್ಲಿ ಮಾಡಿರಲಿಲ್ಲವಂತೆ.

ತಿನ್ನುವಾಗ ಹೊಸ್ತಿಲಾಚೆ ಮತ್ತೆ ಅದೇ ಕೆಮ್ಮು. ಟಕ್... ಸರ್‍ರ್... ಹತ್ತಿರ ಬಂತು. ನಿಂತಿತು. ಆಮೇಲೆ ಬಹಳ ನಿಧಾನವಾಗಿ ವಾಪಸು ಹೋಯಿತು.

ಬೆಳಿಗ್ಗೆ ಯಾಯಾ ಎಲ್ಲರಿಗಿಂತ ಮೊದಲು ಎದ್ದಿದ್ದರು. ಮಿಂತೋನಿಯಾ ಅಂತ ಹೆಸರು. ತೊಂಬತ್ತು ದಾಟಿದ ಮುದುಕಿ, ಮೈತುಂಬ ಕಪ್ಪು ಬಟ್ಟೆ. ಖಾಲಿ ತಟ್ಟೆಯ ಮುಂದೆ ಕೂತಿದ್ದರು. ಅಳುತ್ತಿರಲಿಲ್ಲ.

"ಇದನ್ನ ತಿಂದಿದ್ದು ಬದುಕಿರೋರು" ಅಂದರು.

ಬೋನಾರಿಯಾ ಇವಳ ಮುಖ ನೋಡಿದಳು. ಇವಳು ನೆಲ ನೋಡಿದಳು.

"ಬೆಕ್ಕು ಇರ್ಬೇಕು ಯಾಯಾ" ಅಂದಳು ಬೋನಾರಿಯಾ.

"ಬೆಕ್ಕು ವೈನ್ ಕುಡಿಯುತ್ತಾ?"

ಬೆಕ್ಕಿನ ಮೇಲೆ ಗೂಬೆ ಕೂರಿಸಿದ್ದು ಅಲ್ಲಿಗೇ ನಿಂತಿತು. ಆಮೇಲೆ ಹಿತ್ತಲಿನಲ್ಲಿ ಬೋನಾರಿಯಾ ಪಿಸುಗುಟ್ಟಿದಳು. "ಸತ್ತೋರು ತಿಂದ್ರೆ ತಟ್ಟೆ ಖಾಲಿ ಆಗಲ್ಲ ಕಣೇ. ಎಲ್ಲ ಹಾಗೇ ಇರುತ್ತೆ. ಉಪ್ಪು, ರುಚಿ ಅಷ್ಟೇ ತಗೊಂಡು ಹೋಗ್ತಾರೆ. ಬೆಳಿಗ್ಗೆ ಯಾಯಾ ಒಂದು ತುತ್ತು ಬಾಯಿಗಿಟ್ಟು ನೋಡ್ತಾರೆ. ಸಪ್ಪೆ ಇದ್ರೆ ಮಾವ ಬಂದು ಹೋದ ಅಂತ ಅರ್ಥ."

"ಯಾವ ಮಾವ?"

"ಗವೀನು ಮಾವ. ನಮ್ಮಮ್ಮನ ಅಣ್ಣ. ಪ್ರಪಂಚ ನೋಡ್ತೀನಿ ಅಂತ ಮೀಸೆ ಚಿಗುರೋ ವಯಸ್ಸಲ್ಲಿ ಬೆಲ್ಜಿಯಮ್ಮಿಗೆ ಹೋದ. ನೋಡಿದ್ದು ಕಲ್ಲಿದ್ದಲ ಗಣಿ ಒಂದೇ. ಅದು ಕುಸೀತು. ಹೆಣ ಕೂಡ ಬರಲಿಲ್ಲ. ಇಲ್ಲಿ ಅವನಿಗೆ ಗೋರಿ ಇಲ್ಲ, ಏನೂ ಇಲ್ಲ. ವರ್ಷಕ್ಕೊಂದು ತಟ್ಟೆ."

ಗಿಂತಾರೆಗೆ ಆಗಲೇ ಹೇಳಬೇಕೆನಿಸಿತು. ಹೇಳದೆ ಚೀಲ ಕಟ್ಟಲು ಹೋದಳು.

ಸಾಸ್ಸರಿಗೆ ಹಿಂದಿರುಗುವಾಗ ಬಸ್‌ಸ್ಟಾಂಡಿನಲ್ಲಿ ಒಂದು ರೊಟ್ಟಿ ಕೊಂಡಳು. ಸಪ್ಪೆ. ಚೀಸು ಕೊಂಡಳು. ಮೇಣ ಅಗಿದ ಹಾಗೆ. ಜ್ವರ ಬರುತ್ತಿದೆಯೇನೋ ಅಂದುಕೊಂಡಳು. ಜ್ವರ ಬರಲಿಲ್ಲ. ರುಚಿಯೂ ಬರಲಿಲ್ಲ. ಎಷ್ಟು ತಿಂದರೂ ಹಸಿವು ಅಲ್ಲೇ ಇತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರಲ್ಲ... ಆ ಹಬ್ಬದ ರಾತ್ರಿ ಒಬ್ಬ ತಾಯಿ ಮಗನಿಗಿಟ್ಟ ಉಪ್ಪಿಗೇ ಇವಳು ಕೈಹಾಕಿದ್ದಳು.

ಪ್ರಾಗಿಗೆ ಹೋದಾಗ ವಾಸ್ಕೊಗೆ ಗೊತ್ತಾಯಿತು. ತಂಗಿದ್ದ ಹಾಸ್ಟೆಲಿನ ಅಡುಗೆಮನೆಯಲ್ಲಿ ಇಬ್ಬರೂ ಸೇರಿ ಒಂದು ಪಾತ್ರೆ ಸಾರು ಮಾಡಿದ್ದರು. ಅವನು ತನ್ನ ತಟ್ಟೆ ನೆಕ್ಕಿ, ಇವಳ ತಟ್ಟೆಗೂ ಚಮಚ ಹಾಕಿದ. ಮುಖ ಕಿವುಚಿದ.

"ನಿನ್ನದಕ್ಕೆ ಉಪ್ಪೇ ಇಲ್ಲ."

"ಒಂದೇ ಪಾತ್ರೆ ಕಣೋ."

"ನನ್ನದು ಸರಿಯಾಗಿತ್ತಲ್ಲ." ಮತ್ತೊಂದು ಸಲ ನೋಡಿ ಚಮಚ ಕೆಳಗಿಟ್ಟ. "ಪಥ್ಯ ಗಿಥ್ಯ ಮಾಡ್ತಿದ್ದೀಯಾ? ಕನ್ನಡಿ ನೋಡ್ಕೋ, ಮೂಳೆ ಎಣಿಸಬಹುದು."

ಆ ರಾತ್ರಿ ಹಾಸ್ಟೆಲಿನ ಮರದ ಮೆಟ್ಟಿಲಲ್ಲಿ... ಟಕ್... ಸರ್‍ರ್... ಟಕ್... ಸರ್‍ರ್... ಇವಳ ಕೋಣೆಯ ಬಾಗಿಲವರೆಗೆ ಬಂತು. ಎಲ್ಲರೂ ಗೊರಕೆ ಹೊಡೆಯುತ್ತಿದ್ದರು. ಇವಳ ಮಂಚದ ಕಾಲಬದಿಯಲ್ಲಿ ಯಾರೋ ಕೂತ ಹಾಗೆ ಸ್ಪ್ರಿಂಗು ಕಿರ್‍ರ್ ಅಂದಿತು. ಹೊದಿಕೆಯೊಳಗಿಂದಲೇ ಬೋನಾರಿಯಾಗೆ ಫೋನ್ ಮಾಡಿದಳು.

"ತಟ್ಟೆ... ನಾನೇ ತಿಂದಿದ್ದು."

"ಗೊತ್ತಿತ್ತು" ಅಂದಳು ಬೋನಾರಿಯಾ. "ಯಾಯಾ ಅವತ್ತಿಂದ ಬಾಗಿಲು ಹಾಕ್ತಿಲ್ಲ. ಚಳಿಯಲ್ಲಿ ಕೂತಿರ್ತಾರೆ. ನನ್ನ ಮಗ ಹಸಿದು ಹೋಗಿದ್ದಾನೆ ಅಂತಾರೆ, ಅಷ್ಟೇ."

"ನಾನೇನು ಮಾಡ್ಲಿ?"

"ಬಾ. ನೀನೇ ಅಡುಗೆ ಮಾಡಿ ಅವನಿಗೆ ಬಡಿಸು."

ಬರುತ್ತೇನೆ ಅಂದಳು. ಆದರೆ ತಕ್ಷಣ ಹೋಗಲಿಲ್ಲ. ಮುಂದಿನ ಟಿಕೆಟುಗಳು ಆಗಿಹೋಗಿದ್ದವು, ಪರೀಕ್ಷೆಯಿತ್ತು, ಊರಿಗೆ ಹೊರಡುವ ಮುಂಚೆ ಹೋದರಾಯಿತು... ನನ್ನ ತಂಗಿ ಅಂತ ಹೇಳುತ್ತಿಲ್ಲ, ಆ ವಯಸ್ಸಿನಲ್ಲಿ ಎಲ್ಲರೂ ಹೀಗೇ. ಇವಳಿಗೆ ಇನ್ನೊಬ್ಬರ ಮುದಿ ತಾಯಿಯ ಕಣ್ಣೆದುರು ನಿಲ್ಲುವ ಭಯವೂ ಇತ್ತು.

ಬೆಲ್ಜಿಯಮ್ಮಿಗೂ ಹೋದರು. ಆ ಗಣಿಯ ಬಾಗಿಲಲ್ಲಿ ಒಂದು ಮೋಂಬತ್ತಿ ಹಚ್ಚು ಅಂತ ಬೋನಾರಿಯಾ ಕೇಳಿಕೊಂಡಿದ್ದಳು. ರೈಲಿನಲ್ಲಿ ಎದುರು ಸೀಟಿನಲ್ಲಿ ವಾಸ್ಕೊ ಬಾಯಿ ತೆರೆದು ನಿದ್ದೆ. ಪಕ್ಕದ ಸೀಟು ಖಾಲಿ. ಕಿಟಕಿಯಾಚೆ ಗಣಿಯ ಕಸ ಸುರಿದು ಸುರಿದು ಬೆಳೆದ ಕರಿಗುಡ್ಡಗಳು ಶುರುವಾದವು. ಕತ್ತಲಾಗುತ್ತಿತ್ತು. ಖಾಲಿ ಸೀಟಿನಲ್ಲಿ ಕೆಮ್ಮು ಎದ್ದಿತು. ನಿಲ್ಲಲೇ ಇಲ್ಲ. ನಿಲ್ದಾಣ ಬಂತು. ಇವಳು ಮೋಂಬತ್ತಿ ಹಿಡಿದು ಎದ್ದಳು. ಆಗ ಕಿವಿಯ ಹತ್ತಿರ, ಬೋನಾರಿಯಾಳ ಹಳ್ಳಿಯ ಮಾತಿನಲ್ಲಿ, ಎರಡೇ ಪದ.

"ಇಲ್ಲಿ ಬೇಡ."

ಹುಡುಗನ ದನಿ. ಮುದುಕನದಲ್ಲ. ಗಿಂತಾರೆ ಕೂತುಬಿಟ್ಟಳು. ರೈಲು ಹೊರಟಿತು. ಆಗ ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಅಳು ಬಂತು. ಬಾಡಿಗೆ ಮನೆಗೆ ಮರಳುವವರೆಗೂ ಯಾವ ಪಕ್ಕದ ಸೀಟಿನ ಮೇಲೂ ಚೀಲ ಇಡಲು ಅವಳಿಗೆ ಮನಸ್ಸು ಬರಲಿಲ್ಲ.

ಅವಧಿ ಮುಗಿಯಿತು. ಕೊನೆಯದಾಗಿ ಪೋರ್ಚುಗಲ್ಲಿನ ಪೋರ್ತು ಊರಿನಲ್ಲಿ ವಾಸ್ಕೊನ ಮನೆ. ಅವನ ತಾಯಿ ಉಪ್ಪು ಹಾಕಿ ಒಣಗಿಸಿದ ಮೀನನ್ನು ಆಲೂಗಡ್ಡೆ ಜೊತೆ ಬೇಯಿಸಿ ಬಡಿಸಿದರು. ಉಪ್ಪುಮೀನು... ಅದೂ ಇವಳ ಬಾಯಿಗೆ ಸಪ್ಪೆ. ತುತ್ತು ಇಳಿಯಲಿಲ್ಲ. ಅವನ ತಾಯಿ ಅಡುಗೆಮನೆಗೆ ಹೋದದ್ದೇ ತಡ, ವಾಸ್ಕೊ ಕೈ ಚಾಚಿದ.

"ತಟ್ಟೆಯಲ್ಲಿ ಬಿಟ್ರೆ ಅಮ್ಮ ನಿನ್ನನ್ನ ಬಿಡಲ್ಲ. ಕೊಡು ಇಲ್ಲಿ."

"ಬೇಡ ಕಣೋ, ಸಪ್ಪೆ ಇದೆ."

"ನನ್ನ ಹೊಟ್ಟೆಗೆ ಅದೆಲ್ಲ ಲೆಕ್ಕಕ್ಕಿಲ್ಲ."

ಪೂರ್ತಿ ತಿಂದ. ರೊಟ್ಟಿಯಿಂದ ತಟ್ಟೆ ಒರೆಸಿ ತಿಂದ. ಇವಳ ಪಕ್ಕದ ಕುರ್ಚಿ ನೆಲಕ್ಕೆ ಉಜ್ಜಿ ಹಿಂದೆ ಸರಿಯಿತು. ಟಕ್... ಸರ್‍ರ್... ಮೇಜು ಸುತ್ತಿಕೊಂಡು ಆ ಕಡೆಗೆ ಹೋಯಿತು. ವಾಸ್ಕೊನ ಹಿಂದೆ ನಿಂತಿತು. ಇವಳಿಗೆ ಕೇಳಿತು. ಅವನಿಗಿಲ್ಲ.

ಮರುದಿನ ವಿಮಾನ ನಿಲ್ದಾಣದಲ್ಲಿ ಬೆಣ್ಣೆ ಸವರಿದ ರೊಟ್ಟಿ ಕಚ್ಚಿದಳು. ಉಪ್ಪು... ನಾಲಿಗೆಯ ತುದಿಗೆ ಉಪ್ಪು ಹತ್ತಿತು. ಜನರೆದುರೇ ಅತ್ತಳಂತೆ. ಕಾಟ ಕಳೆಯಿತು ಅಂದುಕೊಂಡಳು. ಎಲ್ಲಿ ಹೋಯಿತು ಅಂತ ಯೋಚಿಸಲಿಲ್ಲ.

ಆದರೂ ಕೊಟ್ಟ ಮಾತಿಗೆ ಹಳ್ಳಿಗೆ ಹೋದಳು. ಯಾಯಾ ಬಾಗಿಲಲ್ಲೇ ಕೂತಿದ್ದರು, ಅರ್ಧ ಆಗಿದ್ದರು. ಇವಳು ಅವರ ಕಾಲ ಬಳಿ ಕೂತು ಎಲ್ಲ ಹೇಳಿದಳು. ಮುದುಕಿ ಬೈಯಲಿಲ್ಲ.

"ಹಸಿವು ಪಾಪ ಅಲ್ಲ, ಮಗಳೇ. ಅವನನ್ನ ಎಲ್ಲೆಲ್ಲಿ ಕರ್ಕೊಂಡು ಹೋದೆ?"

ಗಿಂತಾರೆ ಊರೂರು ಹೇಳಿದಳು. ಪ್ರಾಗಿನ ನದಿ, ಮಂಜು ಬಿದ್ದ ಸೇತುವೆ, ಪೋರ್ತುವಿನ ಕಡಲು. ಯಾಯಾ ಪ್ರತಿಯೊಂದಕ್ಕೂ ತಲೆದೂಗಿದರು. "ನೋಡ್ಬೇಕು ಅಂತಿದ್ದ" ಅಂದರು. "ಸಾಕು ಈಗ. ಮನೆಗೆ ಬರ್ಲಿ."

ಇವಳೇ ಮಕರೋನಿ ಬೇಯಿಸಿದಳು, ಸಾರು ಮಾಡಿದಳು, ಉಪ್ಪನ್ನು ಎರಡು ಸಲ ನೋಡಿದಳು. ತಟ್ಟೆ, ವೈನು, ಮರದ ಚಮಚ, ತೆರೆದ ಬಾಗಿಲು. ಯಾಯಾ, ಬೋನಾರಿಯಾ, ಇವಳು, ಮೂವರೂ ಒಳಕೋಣೆಯ ಕತ್ತಲಲ್ಲಿ ಕೂತರು.

"ಬಂದ್ನಾ?"

"ಶ್... ಇಲ್ಲ ಯಾಯಾ."

ಒಲೆಯಲ್ಲಿ ಕಟ್ಟಿಗೆ ಚಟ್ ಅಂದಿತು. ಬೆಕ್ಕು ಅಟ್ಟದಿಂದ ಇಳಿಯಿತು. ಬಾವಿಯ ಕಡೆಯಿಂದ ಗಾಳಿ ಬಂತು, ಅಂಜೂರದ ಬೋಳು ಕೊಂಬೆಗಳು ಒಂದಕ್ಕೊಂದು ತಾಗಿದವು. ಬೂಟಿನ ಸದ್ದು ಇಲ್ಲ. ಕೆಮ್ಮು ಇಲ್ಲ. ಬೆಳಕು ಹರಿಯಿತು.

ಯಾಯಾ ಗೋಡೆ ಹಿಡಿದು ಹೋದರು. ಒಂದು ತುತ್ತು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ನುಂಗಲಿಲ್ಲ. ಗಿಂತಾರೆಯ ಕಡೆ ತಿರುಗಿದರು.

"ಉಪ್ಪು ಸರಿಯಾಗಿದೆ" ಅಂದರು. ಆಮೇಲೆ, ಮಗುವನ್ನು ಕೇಳುವ ಹಾಗೆ... "ನನ್ನ ಮಗನ್ನ ಎಲ್ಲಿ ಬಿಟ್ಟು ಬಂದೆ?"

ಅದೇ ಹೊತ್ತಿಗೆ ಫೋನ್ ಟಿಣ್ ಅಂದಿತು. ವಾಸ್ಕೊ. "ನಮ್ಮಮ್ಮಂಗೆ ವಯಸ್ಸಾಯ್ತು ಕಣೇ. ಎಲ್ಲ ಅಡುಗೆಗೂ ಉಪ್ಪು ಮರೀತಿದ್ದಾರೆ."

ಅವನಿಗೆ ಎಲ್ಲ ಹೇಳಿದರು. ಬಾ ಅಂತ ಬೋನಾರಿಯಾ ಅತ್ತು ಕರೆದಳು. ಅವನು ನಕ್ಕ. ಇದು ನಾಲಿಗೆಯ ನರದ ತೊಂದರೆ, ಡಾಕ್ಟರು ಹೇಳಿದ್ದಾರೆ ಅಂದ. ಈ ಪ್ರವಾಸ ಮುಗಿಯಲಿ, ಬರುತ್ತೇನೆ ಅಂದ. ಅದಾದ ಮೇಲೆ ಎಷ್ಟೋ ಪ್ರವಾಸ ಮುಗಿದವು.

ಹೋದ ಬೇಸಿಗೆಯಲ್ಲಿ ಅವನು ನಮ್ಮ ಮನೆಗೂ ಬಂದಿದ್ದ. ಕಡ್ಡಿಯಾಗಿದ್ದ. ಉಪ್ಪಿನಲ್ಲಿ ಮುಳುಗಿಸಿಟ್ಟ ನಮ್ಮ ಮೀನಿನ ಮೇಲೆ ಇನ್ನೂ ಉಪ್ಪು ಸುರಿದುಕೊಂಡ. ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಮೆಟ್ಟಿಲು ಹತ್ತುವಾಗ ಅವನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅದನ್ನೂ ನೋಡಿದ್ದೇನೆ. ನನಗೆ ಕೇಳಿದ್ದು ರಬ್ಬರಿನ ಸದ್ದಲ್ಲ. ನೀವು ಏನು ಬೇಕಾದರೂ ಅನ್ನಿ, ಕೇಳಿದ್ದು ಕೇಳಿದ್ದೇ.

ಯಾಯಾ ಇನ್ನೂ ಇದ್ದಾರೆ. ಈ ನವೆಂಬರಿನಲ್ಲೂ ತಟ್ಟೆ ಇಟ್ಟಿದ್ದರಂತೆ. ಬೆಳಿಗ್ಗೆ ಬೋನಾರಿಯಾ ತೋಳು ಹಿಡಿದು ಮೇಜಿನವರೆಗೆ ಕರೆತಂದಳು. ಒಂದು ತುತ್ತು ಬಾಯಿಗಿಟ್ಟುಕೊಂಡರು.

ಉಪ್ಪು ಸರಿಯಾಗಿತ್ತು.