ಮಹಡಿಗೆ ಸಿಕ್ಕ ತಡೆಯಾಜ್ಞೆ

ಗ್ಯಾರೇಜು ಕೆಡವಿಸಿಕೊಂಡ ಮೆಕ್ಯಾನಿಕ್ಕಿಗೆ, ತಡೆಯಾಜ್ಞೆ ಸಿಕ್ಕವರನ್ನು ಕಂಡರೇ ಹೊಟ್ಟೆ ಉರಿಯುತ್ತಿತ್ತು. ಕೋರ್ಟಿನ ಬೆಂಚಿನಲ್ಲಿ ಅವನ ಪಕ್ಕಕ್ಕೇ ಇಬ್ಬರು ಓರಗಿತ್ತಿಯರು ಕೂತಿದ್ದರು.

“ನಿನ್ನ ಮಹಡಿ ಉಳೀತಲ್ಲ, ಇನ್ನು ಮೆರಿ!” ಎಂದಳು ಹಿರಿಯಾಕೆ.

“ಅಕ್ಕಾ, ಮಹಡಿ ಅನಧಿಕೃತ ಅಂತ ದೂರು ಕೊಟ್ಟಿದ್ದು ನೀವೇ. ಅಳೆಯೋಕೆ ಬಂದ ಪಾಲಿಕೆಯವರು ಕೆಳಗಿನ ನಿಮ್ಮ ಅಡುಗೆಮನೇನೂ ಒಡೀತೀವಿ ಅಂದ್ರು. ನಾನೇನು ಮಾಡ್ಲಿ?”

“ಒಡೀಲಿ ಬಿಡು. ನೀನು ಮೇಲೆ ನಿಂತು ನೋಡು.”

“ಎಲ್ಲಿ ನಿಲ್ಲಲಿ? ನನ್ನ ಮಹಡಿ ನಿಂತಿರೋದೇ ನಿಮ್ಮ ಅಡುಗೆಮನೆ ಗೋಡೆ ಮೇಲೆ. ಅದಕ್ಕೇ ಎರಡನ್ನೂ ಮುಟ್ಟಬೇಡಿ ಅಂದಿದ್ದಾರೆ ಜಡ್ಜು.”

“ಅಂದ್ರೆ, ನಿನ್ನ ದಯೆಯಿಂದ ನಾನು ಒಲೆ ಹಚ್ಚಬೇಕು!”

“ಏಳಿ ಅಕ್ಕಾ, ಮನೆಗೆ ಹೋಗೋಣ.”

ಮೆಟ್ಟಿಲಿಳಿಯುತ್ತ ಹಿರಿಯಾಕೆ ಗೊಣಗಿದ್ದು ಮೆಕ್ಯಾನಿಕ್ಕಿಗೂ ಕೇಳಿಸಿತು.

“ಇವಳ ಮಹಡಿಯ ಆ ಬಾಲ್ಕನಿ ಒಂದನ್ನಾದ್ರೂ ಒಡೆದಿದ್ರೆ ಚೆನ್ನಾಗಿತ್ತು.”