ಬಿಟ್ಟುಹೋದ ಹೆಸರು

ಒಂದೂರಲ್ಲಿ ಒಬ್ಬ ದೊಡ್ಡ ವಿದ್ವಾಂಸರಿದ್ದರು. ಯಾವ ಊರು ಎಂದು ಕೇಳಬೇಡಿ. ಇದು ಚರಿತ್ರೆಯಲ್ಲ, ಯಾವ ಗ್ರಂಥದಲ್ಲೂ ಇಲ್ಲ, ವಿಷಯ ಮನದಟ್ಟಾಗಲೆಂದು ನಾನೇ ಕಟ್ಟಿದ ಕಥೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಹೇಳಬೇಕಾಯಿತು ಎಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಪ್ರವಾದಿಯವರನ್ನು (ಸ) ಕಣ್ಣಾರೆ ಕಂಡವರು ಸಹಾಬಿಗಳು. ಸಹಾಬಿಗಳಿಂದ ಕಲಿತವರು ತಾಬಿಈಗಳು. ನಮ್ಮ ವಿದ್ವಾಂಸರು ಅದರ ನಂತರದ ತಲೆಮಾರಿನವರು, ಒಬ್ಬ ತಾಬಿಈ ಗುರುಗಳ ಶಿಷ್ಯರು. ಆ ಕಾಲದಲ್ಲಿ ಹದೀಸ್, ಅಂದರೆ ಪ್ರವಾದಿಯವರ ಮಾತು, ಹೇಳುವುದೆಂದರೆ ಹೇಗೆ, ಗೊತ್ತೆ? ಮೊದಲು ಹೆಸರುಗಳು, ಆಮೇಲೆ ಮಾತು. ನನಗೆ ಇಂಥವರು ಹೇಳಿದರು, ಅವರಿಗೆ ಇಂಥವರು ಹೇಳಿದರು, ಅವರು ಪ್ರವಾದಿಯವರಿಂದ ಕೇಳಿದರು. ಈ ಹೆಸರುಗಳ ಸರಪಳಿಗೇ ಸನದ್ ಎನ್ನುವುದು. ನಡುವೆ ಹೆಸರು ಕಡಿಮೆಯಿದ್ದಷ್ಟೂ ಅದಕ್ಕೆ ಗೌರವ ಹೆಚ್ಚು. ಒಂದೇ ಒಂದು ಹೆಸರು ಕಡಿಮೆಯಾಗುತ್ತದೆ ಎಂದರೆ ಸಾಕು, ಜನ ಮರುಭೂಮಿ ದಾಟಿ ಬರುತ್ತಿದ್ದರು ನೋಡಿ.

ಈ ವಿದ್ವಾಂಸರ ಬಳಿ ಅಂಥದೊಂದು ಹದೀಸ್ ಇತ್ತು. ಅವರ ಕೀರ್ತಿಯೆಲ್ಲ ಅದರಿಂದಲೇ ಬಂದದ್ದು. ಅದರ ಮಾತು ಏನೆಂದು ನಾನು ಹೇಳುವುದಿಲ್ಲ. ಕಥೆಯ ಸಲುವಾಗಿ ಪ್ರವಾದಿಯವರ ಹೆಸರಿನಲ್ಲಿ ಒಂದು ಮಾತು ಹೊಸೆಯುವ ಧೈರ್ಯ ನನಗಿಲ್ಲ.

ಒಂದು ದಿನ ಇಳಿಹೊತ್ತಿನ ಅಸರ್ ನಮಾಝಿನ ನಂತರ ದೂರದ ಖುರಾಸಾನಿನಿಂದ ಒಬ್ಬ ಮುದುಕರು ಬಂದರು. ಹಿಮ್ಮಡಿ ಒಡೆದು ಬಿರುಕು ಬಿಟ್ಟಿತ್ತು. ದಾರಿಯಲ್ಲಿ ಒಂಟೆ ಸತ್ತು, ಉಳಿದ ದಾರಿಯನ್ನು ನಡೆದೇ ಬಂದಿದ್ದರಂತೆ. ತಮ್ಮ ಊರಿನಲ್ಲೂ ಈ ಹದೀಸ್ ಹೇಳುವವರಿದ್ದಾರೆ, ಆದರೆ ಅವರ ಸನದಿನಲ್ಲಿ ಒಂದು ಹೆಸರು ಹೆಚ್ಚಿದೆ, ಸಾಯುವ ಮೊದಲು ನಿಮ್ಮ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕೆಂದು ಬಂದೆ ಎಂದರು. ಶಿಷ್ಯರೆಲ್ಲ ಹೆಮ್ಮೆಯಿಂದ ತಮ್ಮ ಗುರುಗಳ ಮುಖ ನೋಡಿದರು.

ಆ ಮುಖ ಯಾಕೆ ಬಾಡಿತು? ಕೇಳಿ.

ಆ ತಾಬಿಈ ಗುರುಗಳು ಈ ಹದೀಸ್ ಹೇಳಿದ ದಿನ ನಮ್ಮ ವಿದ್ವಾಂಸರು ಇನ್ನೂ ಯುವಕರು. ಮಧ್ಯಾಹ್ನದ ಬಿಸಿಲು, ಮಸೀದಿಯ ಕಂಬದ ತಂಪು, ಒರಗಿದ್ದಲ್ಲೇ ಕಣ್ಣು ಹತ್ತಿತು. ಎಚ್ಚರವಾದಾಗ ಗುರುಗಳು ಎದ್ದು ಹೋಗುತ್ತಿದ್ದರು. ಗುರುಗಳು ಏನು ಹೇಳಿದರು ಎಂದು ಇವರು ಪಕ್ಕದಲ್ಲಿದ್ದ ಸಹಪಾಠಿ ಸುಮೈತನನ್ನು ಕೇಳಿದರು. ಅವನು, "ನಿನ್ನ ಗೊರಕೆಯ ಮಧ್ಯೆ ಕೇಳಿಸಿದಷ್ಟು ಹೇಳ್ತೀನಿ, ಬರ್ಕೋ" ಎಂದು ನಗುತ್ತ ಹೇಳಿಕೊಟ್ಟ. ಸ್ವಲ್ಪ ಕಾಲಕ್ಕೆ ಗುರುಗಳು ತೀರಿಕೊಂಡರು. ಆಮೇಲೆ ಈ ಇಬ್ಬರಿಗೂ ಮನಸ್ತಾಪವಾಯಿತು. ಸುಮೈತ್ ತುಂಬಿದ ಸಭೆಯಲ್ಲಿ ಇವರದೊಂದು ತಪ್ಪನ್ನು ತಿದ್ದಿದ್ದ. ಆ ಸಿಟ್ಟಿನಲ್ಲಿ ಇವರು ಅವನ ಹೆಸರನ್ನು ನುಂಗಿದರು. "ಗುರುಗಳು ನನಗೆ ಹೇಳಿದರು" ಎಂದು ನೇರವಾಗಿ ಹೇಳಿಬಿಟ್ಟರು. ಹದೀಸಿನ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ನಾವೂ ಹೀಗೇ ಅಲ್ಲವೆ ಸಮಾಧಾನ ಹೇಳಿಕೊಳ್ಳುವುದು?

ಆ ದಿನವೂ ಹಾಗೆಯೇ ಹೇಳಿದರು. ಮುದುಕರು ಬರೆದುಕೊಂಡರು. ಆದರೆ ಅಲ್ಲೊಂದು ಪದ್ಧತಿಯಿತ್ತು. ಬರೆದದ್ದನ್ನು ಶಿಷ್ಯ ಗುರುವಿಗೆ ಓದಿ ಹೇಳಬೇಕು. ಗುರು ಕೇಳಿ "ಸರಿ" ಎನ್ನಬೇಕು. ಆ "ಸರಿ" ಬಾರದೆ ಯಾವ ಬರಹವೂ ಊರು ದಾಟುವಂತಿಲ್ಲ.

ಮುದುಕರು ಓದಿದರು. ಇಷ್ಟು ವರ್ಷ ತಮ್ಮದೇ ಬಾಯಲ್ಲಿ ಸಲೀಸಾಗಿ ಹರಿದ ಸುಳ್ಳು, ಆ ದಣಿದ ದನಿಯಲ್ಲಿ, ಆ ಶ್ರದ್ಧೆಯಲ್ಲಿ ವಿದ್ವಾಂಸರಿಗೆ ಸುಳ್ಳಾಗಿಯೇ ಕೇಳಿಸಿತು. "ಸರಿ" ಎನ್ನಲು ನಾಲಿಗೆ ಏಳಲಿಲ್ಲ.

"ಸರಿಯಿಲ್ಲ," ಎಂದರು ಕೊನೆಗೆ. "ನಡುವೆ ಒಂದು ಹೆಸರು ಬಿಟ್ಟುಹೋಗಿದೆ."

ಮುದುಕರು ಗಾಬರಿಯಾದರು. "ಮಾಫ್ ಮಾಡಿ ಉಸ್ತಾದ್ರೇ. ಕಣ್ಣು ಮಂಜು, ಕಿವಿನೂ ಅಷ್ಟಕ್ಕಷ್ಟೇ. ನಾನೇ ಎಲ್ಲೋ ಬಿಟ್ಟಿರ್ಬೇಕು. ಇನ್ನೊಂದ್ಸಲ ಹೇಳ್ತೀರಾ?"

ನೋಡಿ, ತಪ್ಪಿಸಿಕೊಳ್ಳಲು ಎಂಥ ದಾರಿ! ಹೌದು ಎಂದಿದ್ದರೆ ಮುಗಿಯಿತು. ಮಾನವೂ ಉಳಿಯುತ್ತಿತ್ತು, ಸನದೂ ನೆಟ್ಟಗಾಗುತ್ತಿತ್ತು. ಒಪ್ಪಿಕೊಂಡರೆ? ಒಂದು ಕಡೆ ಹೆಸರು ನುಂಗಿದವನು ಇನ್ನೆಲ್ಲೆಲ್ಲಿ ನುಂಗಿದ್ದಾನೋ ಎಂದು ಜನ ಕೇಳುತ್ತಾರೆ. ಜೀವಮಾನದ ವಿದ್ಯೆಯೆಲ್ಲ ಸಂಶಯಕ್ಕೆ ಬೀಳುತ್ತದೆ. ಆದರೆ ಅಷ್ಟು ದೂರ ನಡೆದುಬಂದ ಮುದುಕರು, ಮಾಡದ ತಪ್ಪಿಗೆ ತಲೆ ತಗ್ಗಿಸಿ ಎದುರು ಕೂತಿದ್ದರು. ಅದನ್ನು ನೋಡಲು ಅವರಿಂದ ಆಗಲಿಲ್ಲ.

"ಬಿಟ್ಟಿದ್ದು ನೀವಲ್ಲ ಅಜ್ಜಾ, ನಾನು. ಗುರುಗಳು ಅದನ್ನ ಹೇಳೋವಾಗ ನಾನು ನಿದ್ದೆ ಮಾಡ್ತಿದ್ದೆ. ನನಗೆ ಹೇಳಿದ್ದು ಸುಮೈತ್."

ಹಿಂದೆ ಯಾರೋ ಕಿಸಕ್ಕೆಂದರು. ಮುದುಕರು ನಗಲಿಲ್ಲ, ಬೈಯಲಿಲ್ಲ, ಹೊಗಳಲೂ ಇಲ್ಲ. ಆ ಸುಮೈತ್ ಬದುಕಿದ್ದಾರಾ ಎಂದಷ್ಟೇ ಕೇಳಿದರು. ಕಾಲುವೆಯಾಚೆಯ ಮಸೀದಿಯಲ್ಲಿ ಪಾಠ ಹೇಳುತ್ತಾರೆ ಎಂದು ತಿಳಿದೊಡನೆ ಗಂಟು ಕಟ್ಟಿಕೊಂಡು ಎದ್ದರು. ಅವರ ಹಿಂದೆಯೇ ಶಿಷ್ಯರಲ್ಲಿ ಅರ್ಧ ಜನ ಎದ್ದು ಹೋದರು.

ಉಳಿದವರ ಮುಂದೆ ವಿದ್ವಾಂಸರು ತಲೆ ಎತ್ತಲಿಲ್ಲ. ಆ ಹದೀಸನ್ನು ತಮ್ಮಿಂದ ಬರೆದುಕೊಂಡು ಊರೂರಿಗೆ ಹೋದವರು ನೆನಪಾದರು. ಅವರನ್ನೆಲ್ಲ ಎಲ್ಲಿಂದ ಕರೆತರುವುದು? ಅಂದಿನಿಂದ ಪಾಠಕ್ಕೆ ಹೊಸಬರು ಯಾರೇ ಬರಲಿ, ಮೊದಲು ಅದೇ ಮಾತು: ನಾನು ನಿದ್ದೆ ಮಾಡುತ್ತಿದ್ದೆ, ಹೇಳಿದ್ದು ಸುಮೈತ್. ಪ್ರತಿ ಸಲವೂ ಮುಖ ಕೆಂಪಾಗುತ್ತಿತ್ತು. ಪ್ರತಿ ಸಲವೂ ಹೇಳುತ್ತಿದ್ದರು.

ಸಹೋದರರೇ, ಇದು ಕಥೆ. ಆದರೆ ಯಾರು ಹೇಳಿದ್ದು ಎಂದು ಕೇಳದೆ ಒಂದು ಮಾತನ್ನೂ ದಾಟಿಸಬಾರದೆಂಬ ಶಿಸ್ತು ಕಥೆಯಲ್ಲ. ಆ ಮೊದಲ ತಲೆಮಾರುಗಳು ನಡೆದು ನಡೆದು ಕಾಲು ಸವೆಸಿ ನಮಗೆ ಬಿಟ್ಟುಹೋದ ವಿದ್ಯೆ ಅದು. ನಾವು? ಇಲ್ಲಿಂದ ಹೊರಗೆ ಹೋಗಿ ಚಪ್ಪಲಿ ಹಾಕಿಕೊಳ್ಳುವ ಮೊದಲೇ ಮೊಬೈಲ್ ತೆಗೆಯುತ್ತೇವೆ. ಪ್ರವಾದಿಯವರು ಹೇಳಿದ್ದಾರೆ ಎಂದು ಬಂದದ್ದನ್ನೆಲ್ಲ ಹತ್ತು ಗ್ರೂಪಿಗೆ ತಳ್ಳುತ್ತೇವೆ. ಯಾರದೋ ಮನೆಯ ಹುಡುಗಿಯ ವಿಷಯವನ್ನೂ ಅದೇ ಬೆರಳಿನಿಂದ ತಳ್ಳುತ್ತೇವೆ. ಯಾರು ಹೇಳಿದ್ದು ಎಂದರೆ, ಎಲ್ಲರೂ ಹೇಳ್ತಾರೆ ಎನ್ನುತ್ತೇವೆ. ನಮಗೆ ನಾಚಿಕೆಯಾಗಬೇಕು. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಹೇಳಿದವರ ಹೆಸರು ಗೊತ್ತಿಲ್ಲದ ಮಾತು ನಿಮ್ಮಲ್ಲೇ ನಿಲ್ಲಲಿ. ಈಗಾಗಲೇ ದಾಟಿಸಿದ್ದರೆ ಸದ್ದಿಲ್ಲದೆ ಅಳಿಸಿ ಕೈತೊಳೆದುಕೊಳ್ಳಬೇಡಿ. ಓದಿದವರ ಮನಸ್ಸಿನಿಂದ ಅದು ಅಳಿಯುವುದಿಲ್ಲ. ಇವತ್ತು ಮನೆಗೆ ಹೋಗಿ, ಅದೇ ಗ್ರೂಪಿನಲ್ಲಿ, ಅದೇ ಜನರೆದುರು ಬರೆಯಿರಿ: ನಾನು ವಿಚಾರಿಸದೆ ಕಳಿಸಿದ್ದೆ, ತಪ್ಪು ನನ್ನದು. ಮುಖ ಬಿಸಿಯಾಗುತ್ತದೆ, ಆಗಲಿ. ಮೊದಲು ಅದನ್ನು ಕಳಿಸಿ, ಆಮೇಲೆ ಊಟಕ್ಕೆ ಕೂತುಕೊಳ್ಳಿ.